ಅಜ್ಜಿಯ ಹೆಸರಿನ ಹಚ್ಚೆ

ಕೆಂಗೇರಿಯ ತಾಯಿಯವರಿಗೆ: ತೀರಿಹೋದ ಅಜ್ಜಿಯ ಹೆಸರನ್ನು ಕೈಮೇಲೆ ಬರೆಸಿಕೊಳ್ಳುವ ನಿಮ್ಮ ಹದಿನಾರರ ಮಗಳ ಆಸೆ ಶೋಕಿಯಲ್ಲ, ಪ್ರೀತಿ. ಆದರೂ ಹದಿನೆಂಟು ತುಂಬುವವರೆಗೆ ಕಾಯಿಸಿ. ಸರಿಯಾಗಿ ಶುದ್ಧಗೊಳಿಸದ ಸೂಜಿಯಿಂದ ಹೆಪಟೈಟಿಸ್ ಬಿ, ಸಿ ಹರಡಬಲ್ಲವು. ಅದಕ್ಕೆಂದೇ ಟ್ಯಾಟೂ ಹಾಕಿಸಿಕೊಂಡವರಿಂದ ರಕ್ತನಿಧಿಗಳು 12 ತಿಂಗಳು ರಕ್ತ ಪಡೆಯುವುದಿಲ್ಲ. ಶಾಯಿಯಲ್ಲಿರುವ ಹಾನಿಕರ ಲೋಹಗಳ ಬಗ್ಗೆ 2025ರಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೇ ಎಚ್ಚರಿಸಿತ್ತು. ‘ಹಿಂದೆ ಎಳೆಯ ಹುಡುಗಿಯರಿಗೂ ಹಚ್ಚೆ ಹುಯ್ಯುತ್ತಿರಲಿಲ್ಲವೇ?’ ಎಂದು ಮಗಳು ಕೇಳಬಹುದು. ಹುಯ್ಯುತ್ತಿದ್ದರು, ಆದರೆ ಅದು ಬಹುಪಾಲು ಹಿರಿಯರ ತೀರ್ಮಾನ, ಹುಡುಗಿಯ ಆಯ್ಕೆಯಲ್ಲ. ಇವಳಿಗೆ ಆಯ್ಕೆಯಿದೆ, ಅದು ಬಲಿಯಲು ಸಮಯ ಬೇಕು. ಬರೀ ‘ಬೇಡ’ ಎಂದರೆ ಕದ್ದು ಅಗ್ಗದ ಅಂಗಡಿಗೆ ಹೋದಾಳು ಎಂಬ ನಿಮ್ಮ ಭಯ ಸರಿಯೇ. ಹಾಗಾಗಿ ದಿನಾಂಕ ಹೇಳಿ ಮಾತು ಕೊಡಿ: ಹದಿನೆಂಟಕ್ಕೂ ಆಸೆ ಉಳಿದಿದ್ದರೆ ನೀವೇ ಜೊತೆಗೆ ಹೋಗಿ, ಹೊಸ ಸೂಜಿಯ ಪೊಟ್ಟಣವನ್ನು ಕಣ್ಣೆದುರೇ ಒಡೆಸಿ.