ದೆವ್ವದ ಸಿನಿಮಾದಲ್ಲಿ ದೆವ್ವ ಯಾರು?

ರಜೆ ಬಂತೆಂದರೆ ಪೋಷಕರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಮಗ ಮೊಬೈಲಲ್ಲಿ ಮಾಟಮಂತ್ರದ ಸಿನಿಮಾ ನೋಡ್ಬಿಟ್ಟಿದ್ದಾನೆ. ರಾತ್ರಿ ಒಬ್ನೇ ಬಚ್ಚಲಿಗೂ ಹೋಗಲ್ಲ ಅಂತಾನೆ. ಏನ್ ಮಾಡೋದು?" ಗೇಲಿ ಮಾಡಬೇಡಿ, ಗದರಬೇಡಿ. ಸಣ್ಣ ದೀಪ ಉರಿಯಲಿ, ಪಕ್ಕದಲ್ಲಿ ಯಾರಾದರೂ ಮಲಗಲಿ. ಹೆಚ್ಚಿನ ಮಕ್ಕಳಲ್ಲಿ ಈ ಹೆದರಿಕೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಇಳಿಯದೆ ಉಳಿಯಬಹುದಾದದ್ದು ಇನ್ನೊಂದು: ಎಂಥವರನ್ನು ಕಂಡರೆ ಹೆದರಬೇಕು ಎಂದು ಅದೇ ಸಿನಿಮಾ ಸದ್ದಿಲ್ಲದೆ ಕಲಿಸಿದ ಪಾಠ. ಪೋಷಕರ ಗಮನ ಬೇಕಿರುವುದು ಅಲ್ಲಿ.

ದೆವ್ವ ಯಾರ ಮಾತಾಡುತ್ತದೆ?

ನಮ್ಮ ಮನೆಗಳಲ್ಲಿ ಇಂದಿಗೂ ಮತ್ತೆ ಮತ್ತೆ ನೋಡುವ 'ಆಪ್ತಮಿತ್ರ' (2004) ಚಿತ್ರವನ್ನೇ ತೆಗೆದುಕೊಳ್ಳಿ. ಗಂಗಾಳಿಗಿರುವುದು ಮನಸ್ಸಿನ ಕಾಯಿಲೆ, ಅವಳಿಗೆ ಬೇಕಾದದ್ದು ಚಿಕಿತ್ಸೆ ಎನ್ನುವ ಮನೋವೈದ್ಯನೇ ಅದರ ನಾಯಕ. ಇದು ಮೆಚ್ಚಬೇಕಾದ ಅಂಶ. ಆದರೆ ಅವಳ ಮೈಮೇಲೆ ಬರುವ ನರ್ತಕಿ ನಾಗವಲ್ಲಿ ಹಾಡುವುದು ತೆಲುಗಿನಲ್ಲಿ. ಇದರ ಮೂಲವಾದ ಮಲಯಾಳದ 'ಮಣಿಚಿತ್ರತ್ತಾಳ್' (1993) ಚಿತ್ರದಲ್ಲಿ ಅವಳು ತಮಿಳಿನವಳು. ತಮಿಳಿನ 'ಚಂದ್ರಮುಖಿ'ಯಲ್ಲಿ (2005) ತೆಲುಗಿನವಳು, ಹಿಂದಿಯ 'ಭೂಲ್ ಭುಲಯ್ಯಾ'ದಲ್ಲಿ (2007) ಬಂಗಾಳಿ. ನಾಲ್ಕು ಭಾಷೆಗಳ ಈ ಚಿತ್ರಗಳಲ್ಲಿ ಭಯಕ್ಕೆ ಆರಿಸಿಕೊಂಡದ್ದು ಹೊರಗಿನಿಂದ ಬಂದ ನರ್ತಕಿಯನ್ನು, ನೆರೆಯವರ ನುಡಿಯನ್ನು.

ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಎಷ್ಟೋ ಮನೆಗಳ ಮಾತೇ ತೆಲುಗು. ವಿಮಾನ ನಿಲ್ದಾಣ, ಕೈಗಾರಿಕಾ ಪ್ರದೇಶಗಳ ಕೆಲಸಕ್ಕೆಂದು ಬಿಹಾರ, ಒಡಿಶಾಗಳಿಂದ ಬಂದವರ ಮಕ್ಕಳೂ ನಮ್ಮ ಶಾಲೆಗಳಲ್ಲಿದ್ದಾರೆ. "ದೆವ್ವಕ್ಕೆ ನಮ್ಮ ಭಾಷೆ ಯಾಕೆ ಬರಲ್ಲ?" ಎಂದು ಮಗುವನ್ನು ಕೇಳಿ ನೋಡಿ. ಅಪರಿಚಿತ ಮಾತು ಕಿವಿಗೆ ಬಿದ್ದಾಗ ಅಂಜಿಕೆ ಹುಟ್ಟಿಸುವುದು ಸುಲಭ ಎಂಬುದು ಆ ಚರ್ಚೆಯಲ್ಲೇ ಹೊರಬರುತ್ತದೆ.

ಊರಿಗೂ ಈ ಹಣೆಪಟ್ಟಿ ತಪ್ಪಿದ್ದಲ್ಲ. ಮಾಟಗಾರ ಬೇಕೆಂದರೆ ನಮ್ಮ ಸಿನಿಮಾಗಳಿಗೆ ಮೊದಲು ನೆನಪಾಗುವುದು ಕೊಳ್ಳೇಗಾಲ, ಬಿಟ್ಟರೆ ಕೇರಳ. ನಿಜವಾದ ಕೊಳ್ಳೇಗಾಲ ರೇಷ್ಮೆಗೆ ಹೆಸರಾದ ಊರು. ಮಗ್ಗದ ಸದ್ದಿನಲ್ಲೇ ಬೆಳೆಯುವ ದೊಡ್ಡಬಳ್ಳಾಪುರದ ಮಕ್ಕಳಿಗೆ ಇದನ್ನು ಹೇಳಿದರೆ ಆ ಊರು ನೆಂಟರ ಊರಿನಂತೆ ಕಾಣುತ್ತದೆ.

ಹೆಣ್ಣು ಮತ್ತು ತೃತೀಯಲಿಂಗಿಗಳು

1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದದ್ದು ಹಿರಿಯರಿಗೆ ನೆನಪಿರುತ್ತದೆ. ರಾತ್ರಿ ಬಾಗಿಲು ತಟ್ಟುವ ಹೆಣ್ಣು ದೆವ್ವದ ಆ ಗಾಳಿಸುದ್ದಿಯೇ ಹಿಂದಿಯ 'ಸ್ತ್ರೀ' (2018) ಚಿತ್ರಕ್ಕೆ ಪ್ರೇರಣೆಯಾಯಿತು. ಆದರೆ ಚಿತ್ರ ಒಂದು ಹೆಜ್ಜೆ ಮುಂದೆ ಹೋಗಿ, ಅವಳಿಗೆ ಬದುಕಿದ್ದಾಗ ಊರು ಏನು ಮಾಡಿತ್ತು ಎಂದು ಕೇಳುತ್ತದೆ. ಕೊನೆಗೆ ಊರಿನವರು ಅವಳನ್ನು ಓಡಿಸುವ ಬದಲು ಕಾಪಾಡು ಎಂದು ಬೇಡಿಕೊಳ್ಳುತ್ತಾರೆ.

ಉಪೇಂದ್ರ ನಟಿಸಿದ 'ಕಲ್ಪನಾ' (2012) ತಮಿಳಿನ 'ಕಾಂಚನಾ'ದ ಮರುರೂಪ. ಅದರಲ್ಲಿ ಸೇಡಿಗೆ ಬರುವುದು ಅನ್ಯಾಯಕ್ಕೊಳಗಾಗಿ ಸತ್ತ ತೃತೀಯಲಿಂಗಿಯ ಆತ್ಮ. ನೋವಿನ ಕಥೆ ಹೌದು. ಆದರೂ ತೃತೀಯಲಿಂಗಿಗಳನ್ನು ದೆವ್ವದ ಪಾತ್ರದಲ್ಲಷ್ಟೇ ಕಂಡ ಮಗು ಸಂತೆಯಲ್ಲೋ ಟೋಲ್ ಗೇಟಿನಲ್ಲೋ ಅವರನ್ನು ಕಂಡರೆ ಅಮ್ಮನ ಹಿಂದೆ ಅವಿತುಕೊಳ್ಳುತ್ತದೆ. ಆ ಮಗುವಿಗೆ ತೃತೀಯಲಿಂಗಿಯೇ ಆದ ಮಂಜಮ್ಮ ಜೋಗತಿಯವರ ಬಗ್ಗೆ ಹೇಳಿ. ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು, 2021ರಲ್ಲಿ ಪದ್ಮಶ್ರೀ ಪಡೆದವರು. ಅವರು ಪ್ರಶಸ್ತಿ ಸ್ವೀಕರಿಸುವ ವಿಡಿಯೋವನ್ನೂ ತೋರಿಸಿ.

ಮನೆಯಲ್ಲಿ ಏನು ಮಾಡಬಹುದು?

ಮೊದಲು ಪ್ರಮಾಣಪತ್ರ ನೋಡಿ. 2023ರ ತಿದ್ದುಪಡಿಯ ನಂತರ 'ಯುಎ' ಚಿತ್ರಗಳಿಗೆ 7+, 13+, 16+ ಎಂಬ ಮೂರು ಹಂತಗಳಿವೆ. ಚಿಕ್ಕ ಮಕ್ಕಳಿಗೆ ತೆರೆಯ ಮೇಲಿನದಕ್ಕೂ ನಿಜಕ್ಕೂ ಗೆರೆ ಎಳೆಯುವುದು ಕಷ್ಟ. ಅಂಥವರ ಕೈಗೆ ಈ ಚಿತ್ರಗಳು ಸಿಗದಂತೆ ಟಿವಿ, ಮೊಬೈಲಿಗೆ ಪಿನ್ ಹಾಕಿಡಿ.

ದೊಡ್ಡ ಮಕ್ಕಳ ಜೊತೆ ಕೂತು ನೋಡಿ, ಮುಗಿದ ಮೇಲೆ ಮಾತಾಡಿ. ಮಾಟ ಮಾಡುವವರು ಯಾರು? ಅವರ ಮೈಬಣ್ಣ, ಬಟ್ಟೆ, ಮಾತು ಹೇಗಿತ್ತು? ನಮ್ಮ ಬೀದಿಯಲ್ಲಿ ಹಾಗೆ ಕಾಣುವವರು ಯಾರಾದರೂ ಇದ್ದಾರಾ, ಅವರು ನಿಜಕ್ಕೂ ಎಂಥವರು? ಒಂಟಿಯಾಗಿರುವ ಅಜ್ಜಿ, ಬೆಳಗಿನ ಜಾವ ಬರುವ ಬುಡುಬುಡಿಕೆಯವರು, ಸುಡುಗಾಡು ಸಿದ್ಧರು, ಎಲ್ಲರೂ ಈ ಮಾತಿನೊಳಗೆ ಬರಲಿ. 'ಕಾಂತಾರ' ನೋಡಿದ ಮಕ್ಕಳಿಗೆ ದೈವಾರಾಧನೆ ಎಂಬುದು ತುಳುನಾಡಿನ ಜನರ ನಂಬಿಕೆ, ಕೂಗಿ ಅನುಕರಿಸುವ ಆಟವಲ್ಲ ಎಂದು ತಿಳಿಸಿ.

ಭಯ, ನಿದ್ದೆಗೇಡು ವಾರಗಟ್ಟಲೆ ಉಳಿದರೆ ತಾಯತದ ಮೊರೆ ಹೋಗಿ ದಿನ ಕಳೆಯಬೇಡಿ. ತಾಲೂಕು ಆಸ್ಪತ್ರೆಗೆ ಹೋಗಿ, ಇಲ್ಲವೇ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಕರ್ನಾಟಕದ 2017ರ ವಾಮಾಚಾರ ತಡೆ ಕಾಯ್ದೆಯ ಪ್ರಕಾರ ಅಪರಾಧ.

ಇನ್ನೊಂದು ಮಾತು. ಮಗು ಸಹಪಾಠಿಯನ್ನೋ ಪಕ್ಕದ ಮನೆಯವರನ್ನೋ "ಮಾಟಗಾತಿ" ಅಂದರೆ ನಕ್ಕು ಸುಮ್ಮನಾಗಬೇಡಿ. ಅವತ್ತೇ ತಿದ್ದಿ, ಕಾರಣ ಹೇಳಿ ತಿದ್ದಿ. ಆ ಪದ ಅಂಟಿದ ಹೆಂಗಸರು ನಮ್ಮ ದೇಶದಲ್ಲಿ ಮನೆ, ಮಾನ, ಪ್ರಾಣ ಕಳೆದುಕೊಂಡಿದ್ದಾರೆ. ಆ ಪದವನ್ನು ಯಾರ ಮೇಲೂ ಎಸೆಯಬಾರದೆಂಬ ತಿಳಿವಳಿಕೆ ಮಗುವಿಗೆ ಮನೆಯಲ್ಲೇ ಸಿಗಬೇಕು.