ಆಟದ ಹರಟೆಕಟ್ಟೆಯ ಕಾವಲು

ಅಂತರಜಾಲದ ಆಟಗಳಲ್ಲಿ ಆಟಗಾರರು ಪರಸ್ಪರ ಮಾತನಾಡುವ ಚಾಟ್ ಎಂಬ ಕಟ್ಟೆಯುಂಟು. ಅಲ್ಲಿಯ ಬೈಗುಳವನ್ನು ತಡೆಯುವ ಬಗೆ ಹೇಗೆ? 2009ರಲ್ಲಿ ಹೊರಬಂದ ‘ಲೀಗ್ ಆಫ್ ಲೆಜೆಂಡ್ಸ್’ ಆಟದವರು 2011ರಲ್ಲಿ ‘ಟ್ರಿಬ್ಯೂನಲ್’ ಎಂಬ ಒಂದು ಬಗೆಯ ಪಂಚಾಯಿತಿಯನ್ನೇ ತೆರೆದರು. ದೂರು ಬಂದ ಆಟದ ಸಂಭಾಷಣೆಯನ್ನು ಓದಿ, ಶಿಕ್ಷೆಯೋ ಕ್ಷಮೆಯೋ ಎಂದು ಆಟಗಾರರೇ ಮತ ಕೊಡುತ್ತಿದ್ದರು. 2014ರಲ್ಲಿ ಅದು ನಿಂತಿತು. ಆದರೂ ಅದರ ಪಾಠ ನಿಲ್ಲತಕ್ಕದ್ದಲ್ಲ.

ನಾನೂ ಒಂದು ಆಟದ ಚಾಟಿಗೆ ಕಾವಲುಗಾರ. ಒಮ್ಮೆ ಒಂದೇ ಸಾಲನ್ನು ನೋಡಿ ಒಬ್ಬ ಹುಡುಗನ ಬಾಯಿ ಕಟ್ಟಿದೆನು. ಹಿಂದಿನ ಸಾಲುಗಳನ್ನು ಓದಿದಾಗ, ಅವನ ತಾಯಿಯನ್ನು ಮೊದಲು ಬೈದವನು ಇನ್ನೊಬ್ಬನೆಂದು ತಿಳಿಯಿತು. ಕಟ್ಟು ಸಡಿಲಿಸಿ ಕ್ಷಮೆ ಕೇಳಿದೆನು. ಅವನು ಮರಳಿ ಬರಲಿಲ್ಲ. ಅಂದಿನಿಂದ ಇಡೀ ಸಂಭಾಷಣೆಯನ್ನು ಓದದೆ ನಾನು ಯಾರನ್ನೂ ತಡೆಯುವುದಿಲ್ಲ.