ಉಳಿಗೆ ಸಾಣೆ

ಸಂಸ್ಕೃತದ 'ಶಾಣ'ವೇ ಕನ್ನಡದಲ್ಲಿ 'ಸಾಣೆ' ಎಂಬ ತದ್ಭವವಾಯಿತು. ಚನ್ನಪಟ್ಟಣದಲ್ಲಿ ಹಾಲೆಮರದ ಬೊಂಬೆಗಳನ್ನು ಕಡೆಯುವವರಿಗೆ ಸಾಣೆಯಿಲ್ಲದೆ ಕೆಲಸ ಸಾಗದು. ಮೊಂಡಾದ ಉಳಿಯು ಮರವನ್ನು ಕೊಯ್ಯದೆ ಕೀಳುತ್ತದೆ. ತಟ್ಟನೆ ಸಿಕ್ಕಿಕೊಂಡರೆ ಕೈಗೂ ಅಪಾಯ.

ಬರಿಗೈಯಲ್ಲಿ ಸಾಣೆ ಹಿಡಿದಾಗ ಓರೆಯ ಕೋನವು ಪ್ರತಿಸಲವೂ ವ್ಯತ್ಯಾಸವಾಗಿ ಉಕ್ಕು ವ್ಯರ್ಥವಾಗಿ ಸವೆಯುತ್ತದೆ. ಇದನ್ನು ತಪ್ಪಿಸಲು ಉಳಿಯನ್ನು ಒಂದೇ ಕೋನದಲ್ಲಿ ಹಿಡಿದಿಡುವ ಸಾಧನಕ್ಕೆ 'ಜಿಗ್' ಎಂದು ಹೆಸರು. ಬಟ್ಟಲು ಕಡೆಯುವ ಉಳಿಗೆ 40ರಿಂದ 60 ಡಿಗ್ರಿ ಕೋನ ವಾಡಿಕೆ. ಇಲ್ಲಿ ಎರಡು ಅಳತೆಗಳು ಮುಖ್ಯ: ಜಿಗ್ಗಿನಿಂದ ಉಳಿಯು ಮುಂಚಾಚಿರುವ ಉದ್ದ, ಚಕ್ರದಿಂದ ಆಧಾರಕ್ಕಿರುವ ದೂರ.

ಮೊದಲು ಯಂತ್ರವನ್ನು ನಿಲ್ಲಿಸಿ, ಉಳಿಯ ಓರೆಗೆ ಶಾಯಿ ಬಳಿದು, ಚಕ್ರವನ್ನು ಕೈಯಿಂದ ತಿರುಗಿಸಬೇಕು. ಶಾಯಿಯು ಅಲಗಿನ ಬಳಿ ಮಾತ್ರ ಅಳಿದರೆ ಹೊಸ ಕೋನವು ಹಳೆಯದಕ್ಕಿಂತ ಹೆಚ್ಚು. ಹಿಂಬದಿಯಲ್ಲಿ ಮಾತ್ರ ಅಳಿದರೆ ಕಡಿಮೆ. ಓರೆಯುದ್ದಕ್ಕೂ ಸಮನಾಗಿ ಅಳಿಯುವವರೆಗೆ ಆಧಾರವನ್ನು ಹಿಂದುಮುಂದು ಸರಿಸಬೇಕು. ಬಳಿಕ ಎರಡು ಅಳತೆಗಳನ್ನೂ ಮರದ ತುಂಡೊಂದರ ಮೇಲೆ ಗುರುತಿಸಿಟ್ಟರೆ ಮುಂದಿನ ಸಲದ ಶ್ರಮ ಉಳಿಯುತ್ತದೆ. ಆದರೆ ಚಕ್ರವು ಸವೆದಂತೆ ವ್ಯಾಸ ಕುಗ್ಗಿ ಕೋನವು ಬದಲಾಗುವುದರಿಂದ ಶಾಯಿಯ ಪರೀಕ್ಷೆಯನ್ನು ಆಗಾಗ ಮಾಡತಕ್ಕದ್ದು.

ಕಣ್ಣಿಗೆ ರಕ್ಷಣೆಯ ಕನ್ನಡಕವಿರಲಿ, ಒತ್ತಡ ಹಗುರವಾಗಿರಲಿ. ಇಂಗಾಲದ ಉಕ್ಕು ಕಾದು ನೀಲಿಗಟ್ಟಿತೆಂದರೆ ಅದರ ಹದ ಕೆಟ್ಟಿತೆಂದೇ ತಿಳಿಯಬೇಕು. ಕೋನವನ್ನು ಜಿಗ್ ಕಾಯಬಲ್ಲುದು. ಹದವನ್ನು ಕೆಲಸಗಾರನೇ ಕಾಯಬೇಕು.